ಗೋದಾಮಿನ ಹಿಂದಿನ ಒಲೆ

ಹಿಂದೂಪುರ
2 ನವೆಂಬರ್ 2025

(ಶಿಬಿರದ ಬೆಳಗಿನ ಸಭೆಯಲ್ಲಿ ರೇಣುಕಾಪ್ರಸಾದನು ಎಲ್ಲರಿಗೂ ಕೇಳುವಂತೆ ಓದತಕ್ಕದ್ದು)

ಕಲ್ಯಾಣದುರ್ಗದ ನಮ್ಮ ಸೇನಾ ಭರ್ತಿ ಶಿಬಿರದಲ್ಲಿ ಈ ಬೆಳಿಗ್ಗೆ ಕೂಡಿರುವ ಎಲ್ಲರಿಗೂ ನಿವೃತ್ತ ಹವಾಲ್ದಾರ್ ಶಂಕರಯ್ಯನ ನಮಸ್ಕಾರ.

ಮೊದಲು ಹಿರಿಯರಿಗೆ ಕೃತಜ್ಞತೆ ಸಲ್ಲಬೇಕು. ತಮ್ಮ ಶೇಂಗಾ ಗೋದಾಮನ್ನು ನಿಮ್ಮ ವಾಸಕ್ಕೆ ಬಿಟ್ಟುಕೊಟ್ಟ ವ್ಯಾಪಾರಿ ಕೊಟ್ಟೂರಪ್ಪನವರಿಗೆ, ತಮ್ಮ ಕೋಳಿ ಫಾರಂನಿಂದ ದಿನವೂ ಮೊಟ್ಟೆ ಕಳಿಸಲು ಒಪ್ಪಿರುವ ಶಿಬಿರ ಸಮಿತಿಯ ಅಧ್ಯಕ್ಷ ಅಶ್ವತ್ಥಪ್ಪನವರಿಗೆ, ಕಂಬದೂರಿನಿಂದ ಬಂದು ನಿಮಗೆಲ್ಲ ಮುದ್ದೆ ಬೇಯಿಸಲು ನಿಂತಿರುವ ಕರಿಬಸಮ್ಮನವರಿಗೆ. ರೇಣುಕಾ, ಮೂರನೆಯ ಹೆಸರನ್ನು ಮೆಲ್ಲಗೆ ಓದಬೇಡ. ಮೊದಲ ಎರಡು ಹೆಸರಿಗೆ ಕೊಟ್ಟ ಗಂಟಲನ್ನೇ ಅದಕ್ಕೂ ಕೊಡು.

ಮಂಡಿಯ ಶಸ್ತ್ರಚಿಕಿತ್ಸೆಯಾದ ಮೇಲೆ, ನಿಮ್ಮನ್ನು ಓಡಿಸಬೇಕಾದ ನಾನು ಮನೆಯ ಮಗ್ಗದ ಕೋಣೆಯಲ್ಲಿ ಮಂಚ ಹಾಕಿಸಿಕೊಂಡು ಮಲಗಿದ್ದೇನೆ. ತಮ್ಮ ಸೀರೆ ನೇಯುತ್ತಾನೆ, ನಾನು ಮಗ್ಗದ ಸದ್ದಿಗೆ ಕಾಲಿನ ಬೆರಳು ಆಡಿಸುತ್ತೇನೆ. ಸದ್ಯಕ್ಕೆ ನನ್ನ ಕವಾಯತು ಅಷ್ಟೆ. ನೀವು ಲಿಖಿತ ಪರೀಕ್ಷೆ ಗೆದ್ದಿದ್ದೀರಿ. ಡಿಸೆಂಬರ್ ಕೊನೆಯ ವಾರ ಅನಂತಪುರದಲ್ಲಿ ಓಟ, ಎತ್ತರ, ಎದೆ, ತೂಕ. ಅದನ್ನೂ ದಾಟಿದರೆ ನೀವು ಸೈನಿಕರು.

ನಿಮ್ಮ ಮೊಬೈಲುಗಳನ್ನು ಕೊಟ್ಟೂರಪ್ಪನವರ ಬೀರುವಿನಲ್ಲಿಟ್ಟು ಬೀಗ ಹಾಕಿಸಿದ್ದಕ್ಕೆ ಹಲವರು ನನ್ನ ಮೇಲೆ ಮುನಿದಿದ್ದೀರೆಂದು ಬಲ್ಲೆ. ತರಬೇತಿ ಕೇಂದ್ರದಲ್ಲಿ ಅವು ಹೇಗೂ ಕೈತಪ್ಪುತ್ತವೆ. ಪತ್ರ ಬರೆಯಲು ಬಾರದ ಹುಡುಗ ಅಲ್ಲಿ ಮೂಗನಾಗಿಬಿಡುವುದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಆದ್ದರಿಂದ ಬರೆಯಿರಿ. ಇಲ್ಲಿಗೆ ಬರುವ ಬಸ್ಸಿನ ಕಂಡಕ್ಟರ್ ಕದಿರಣ್ಣ ನನಗೆ ತಂದುಕೊಡುತ್ತಾನೆ.

ಇನ್ನೊಂದು ಮಾತು. ಗೋದಾಮಿನ ಒಲೆಯ ಮೇಲೆ ಮೊಟ್ಟೆ ಏರಬಾರದೆಂಬುದು ಕೊಟ್ಟೂರಪ್ಪನವರ ಒಂದೇ ಷರತ್ತು. ಕರಿಬಸಮ್ಮನವರೂ ಅದನ್ನು ಮುಟ್ಟುವವರಲ್ಲ. ಮನೆ ಕೊಟ್ಟವರ ಮಾತಿಗೆ ಬೆಲೆ ಇರಲಿ. ಮೊಟ್ಟೆಯೂ ಅದನ್ನು ತಿನ್ನುವವರ ಲೋಟಗಳೂ ಹಿಂದಿನ ಜಗಲಿಯಲ್ಲೇ ಇರಲಿ. ಕೊಟ್ಟೂರಪ್ಪನವರ ಮಗನೂ ತಂಡದ ನಾಯಕನೂ ಆದ ರೇಣುಕಾಪ್ರಸಾದನು ವಾರಕ್ಕೊಮ್ಮೆ ಎಲ್ಲರ ಕ್ಷೇಮ ತಿಳಿಸಲಿ.

ನಿಮ್ಮ ಶಂಕರಯ್ಯ

ಕಲ್ಯಾಣದುರ್ಗ
10 ನವೆಂಬರ್ 2025

ಪೂಜ್ಯ ಮೇಷ್ಟ್ರಿಗೆ ಶಿಷ್ಯ ರೇಣುಕಾಪ್ರಸಾದನ ನಮಸ್ಕಾರಗಳು.

ನಿಮ್ಮ ಪತ್ರವನ್ನು ಸಭೆಯಲ್ಲಿ ಓದಿದೆ. ಮೂರನೆಯ ಹೆಸರನ್ನು ಎಲ್ಲಕ್ಕಿಂತ ಗಟ್ಟಿಯಾಗಿ ಓದಿದೆ. ಕರಿಬಸಮ್ಮ ಅಡುಗೆಮನೆಯ ಬಾಗಿಲಲ್ಲಿ ಸೌಟು ಹಿಡಿದು ನಿಂತಿದ್ದರು. "ಓದಿದ್ದು ಸಾಕು ಕಣಪ್ಪ, ಸಾರು ಆರೋಯ್ತದೆ, ಉಣ್ಣಕ್ಕೆ ಬತ್ತೀರೋ ಇಲ್ವೋ" ಅಂದರು. ಆದರೆ ಆ ದಿನ ನನ್ನ ತಟ್ಟೆಗೆ ಕೇಳದೆಯೇ ಇನ್ನೊಂದು ಮುದ್ದೆ ಬಿತ್ತು.

ಓಟ ಚೆನ್ನಾಗಿ ನಡೆದಿದೆ. ರೊದ್ದಂ ಕಡೆಯ ಓಬುಳೇಶ್ ಎಲ್ಲರಿಗಿಂತ ಮುಂದೆ. ಕುರಿಗಳ ಹಿಂದೆ ಓಡಿ ಬೆಳೆದ ಕಾಲು ಅವನದು. ಓಡುವಾಗಲೂ ಅವನ ಬಾಯಿ ಸುಮ್ಮನಿರುವುದಿಲ್ಲ, ಹಿಂದೆ ಬಿದ್ದವರನ್ನು "ಹಯ್, ಹಯ್" ಎಂದು ಕುರಿ ಅಟ್ಟಿದ ಹಾಗೆ ಅಟ್ಟುತ್ತಾನೆ.

ಬೆಳಗಿನ ಓಟಕ್ಕೆ ಮುಂಚೆ ಹಿಂದಿನ ಜಗಲಿಯಲ್ಲಿ ಮೊಟ್ಟೆಯ ಕಾರ್ಯಕ್ರಮ ಇರುತ್ತದೆ. ಬೇಯಿಸಲು ಅಲ್ಲಿ ಒಲೆಯಿಲ್ಲ. ಹಾಗಾಗಿ ಹಾಲಿನ ಲೋಟಕ್ಕೆ ಹಸಿ ಮೊಟ್ಟೆ ಒಡೆದು ಒಂದೇ ಉಸಿರಿಗೆ ಕುಡಿಯುತ್ತಾರೆ. ಹಿಂದಿನ ಸಲ ಆಯ್ಕೆಯಾದವರು ಹೀಗೆಯೇ ಕುಡಿದರಂತೆ. ಈಗ ಅದೇ ಪದ್ಧತಿ. ಮುಖ ಕಿವುಚಿದವನು ಒಂದು ಸುತ್ತು ಹೆಚ್ಚು ಓಡಬೇಕು. ಅಶ್ವತ್ಥಪ್ಪನವರ ಫಾರಂನಲ್ಲಿ ಸೀಳು ಬಿಟ್ಟ ಮೊಟ್ಟೆ ಅಂಗಡಿಗೆ ಹೋಗುವುದಿಲ್ಲ, ಅವು ನಮ್ಮ ಪಾಲಿಗೆ ಬರುತ್ತವೆ. "ನನ್ನ ಮೊಟ್ಟೆ ಕುಡಿದೋನು ಬಾರ್ಡರ್‌ನಲ್ಲಿ ನಿಂತ್ಕಂಡ್ರೆ ಅಲ್ಲಾಡಲ್ಲ" ಎಂದು ಅವರು ಬಂದವರಿಗೆಲ್ಲ ಹೇಳುತ್ತಾರೆ. ಕರಿಬಸಮ್ಮ ಮಾತ್ರ, "ಬೆಳಿಗ್ಗೆ ಎದ್ದು ಕೋಳಿಮರೀನೇ ಕುಡೀತೀರಲ್ಲೋ, ಹೊಟ್ಟೇಲಿ ಕೂಗ್ತದೆ ನೋಡ್ಕಳ್ರಿ" ಅನ್ನುತ್ತಾರೆ.

ಮೊಟ್ಟೆ ತಿನ್ನದ ಮನೆಗಳಿಂದ ಬಂದ ನಮಗೆ ನೆನೆಸಿದ ಶೇಂಗಾ ಕೊಡುತ್ತಾರೆ. ಭರ್ತಿಗೆ ಸಾಲದೆಂದು ನೀವು ಚಿಂತಿಸಿದ್ದ ನನ್ನ ತೂಕ ಈಗ ಏರುತ್ತಿದೆ. ಅಪ್ಪ ಅಂಗಡಿಗೆ ಬಂದವರಿಗೆಲ್ಲ "ನಮ್ಮ ಶೇಂಗಾ ತಿಂದೇ ಹಿಂಗಾದ" ಎಂದು ಹೇಳುತ್ತಿದ್ದಾರೆ.

ಇಂತಿ,
ರೇಣುಕಾಪ್ರಸಾದ್

ಹಿಂದೂಪುರ
13 ನವೆಂಬರ್ 2025

ಚಿರಂಜೀವಿ ರೇಣುಕಾಪ್ರಸಾದನಿಗೆ ಆಶೀರ್ವಾದಗಳು.

ನಿನ್ನ ತೂಕ ಏರಿದ ಸುದ್ದಿ ಓದಿ ತಮ್ಮನ ಮಗ್ಗ ನಿಲ್ಲಿಸಿ ಅವನಿಗೂ ಓದಿ ಹೇಳಿದೆ. ಮೊಟ್ಟೆ ಮಾಂಸ ತಿನ್ನದವನು ಸೇನೆಗೆ ಲಾಯಕ್ಕಲ್ಲ ಎನ್ನುವವರ ಬಾಯಿ ಮುಚ್ಚಿಸಲು ಇನ್ನು ನನಗೆ ವಾದ ಬೇಕಿಲ್ಲ. ನಿನ್ನನ್ನು ತಂದು ನಿಲ್ಲಿಸಿದರೆ ಸಾಕು.

ಆದರೆ ಹಸಿ ಮೊಟ್ಟೆಯ ವಿಷಯ ನನಗೆ ಹಿಡಿಸಲಿಲ್ಲ. ನಾನು ಇದ್ದ ಯಾವ ಪಡೆಯಲ್ಲೂ ಹಸಿ ಮೊಟ್ಟೆ ಕುಡಿಸಿದ್ದನ್ನು ಕಂಡವನಲ್ಲ. ಅದರಲ್ಲೂ ಸೀಳು ಬಿಟ್ಟದ್ದು. ನಾಳೆಯಿಂದಲೇ ನಿಲ್ಲಿಸಿ. ಗೋದಾಮಿನ ಹಿಂಗೋಡೆಯ ಆಚೆ ಬೇರೆಯೇ ಒಂದು ಒಲೆ ಹೂಡಿದರೆ ಕೊಟ್ಟೂರಪ್ಪನವರ ಷರತ್ತಿಗೂ ಭಂಗವಿಲ್ಲ. ಅವರನ್ನು ನೀನೇ ಕೇಳು. ನಾನು ಕೇಳಿದರೆ ಸಮಿತಿಯ ವಿಷಯವಾಗುತ್ತದೆ, ಮಗ ಕೇಳಿದರೆ ಮನೆಯ ಮಾತಾಗುತ್ತದೆ.

ನಿನ್ನ ಶಂಕರಯ್ಯ

ಕಲ್ಯಾಣದುರ್ಗ
20 ನವೆಂಬರ್ 2025

ಪೂಜ್ಯ ಮೇಷ್ಟ್ರಿಗೆ ನಮಸ್ಕಾರಗಳು.

ಮೊನ್ನೆ ಅಪ್ಪನ ಫೋನಿನಲ್ಲಿ ನಿಮ್ಮೊಡನೆ ಮಾತಾಡುವಾಗ ಅವರೂ ಅಶ್ವತ್ಥಪ್ಪನವರೂ ಪಕ್ಕದಲ್ಲೇ ಕುಳಿತಿದ್ದರು. ಅದಕ್ಕೆ "ಎಲ್ಲಾ ಸುಧಾರಿಸ್ತಾ ಇದೆ ಸಾರ್" ಎಂದಷ್ಟೇ ಹೇಳಿದೆ. ಈಗ ವಿವರವಾಗಿ ಬರೆಯುತ್ತಿದ್ದೇನೆ.

ಭಾನುವಾರದ ಓಟ ಮುಗಿದು, ಮಾರನೆಯ ಬೆಳಿಗ್ಗೆಯ ಹೊತ್ತಿಗೆ ಶಿಬಿರದ ಅರ್ಧಕ್ಕಿಂತ ಹೆಚ್ಚು ಹುಡುಗರು ಮಲಗಿಬಿಟ್ಟಿದ್ದರು. ಜ್ವರ, ಹೊಟ್ಟೆ ಹಿಂಡುವ ನೋವು, ವಾಂತಿ, ಭೇದಿ. ಇರುವ ಎರಡು ಕಕ್ಕಸುಗಳ ಮುಂದೆ ಸಾಲು. ಓಬುಳೇಶ್ ಸಾಲಿನಲ್ಲಿ ನಿಂತಲ್ಲೇ ಕುಸಿದ. ಅವನನ್ನು ಆಟೋದಲ್ಲಿ ಎತ್ತಿ ಹಾಕಿಕೊಂಡು ಹೋಗಿ ಒಂದು ಖಾಸಗಿ ನರ್ಸಿಂಗ್ ಹೋಮಿಗೆ ಸೇರಿಸಿದರು. ಗ್ಲೂಕೋಸ್ ಹಾಕಿದ್ದಾರೆ. ನಾನೂ ಮಲಗಿದ್ದೆ. ಈಗ ಎದ್ದು ಕೂರುತ್ತಿದ್ದೇನೆ.

ಮಂಗಳವಾರ ಸಮಿತಿ ಸೇರಿತು. ಯಾರೋ ಮೊಟ್ಟೆಯ ಮಾತೆತ್ತಿದರು. ಅಶ್ವತ್ಥಪ್ಪನವರು ಎದ್ದು ನಿಂತು, "ಏಮಿ ಕೊಟ್ಟೂರಪ್ಪಾ, ನಿಮ್ಮುಡುಗ ಮೊಟ್ಟೆ ಮುಟ್ತಾನಾ?" ಎಂದು ಕೇಳಿದರು. "ನಮ್ಮನೇಲಿ ಅದರ ಹೆಸರೂ ಹೇಳಲ್ಲ" ಎಂದರು ಅಪ್ಪ. "ಮತ್ತೆ ಅವ್ನೂ ಮಲಗವ್ನಲ್ಲಪ್ಪಾ. ಮೊಟ್ಟೆ ಕುಡಿದೋರಿಗೂ ಬಂತು, ಕುಡೀದೋನಿಗೂ ಬಂತು. ಇಬ್ರೂ ಉಂಡಿದ್ದು ಯಾವ್ದು? ಆಯಮ್ಮನ ಮಜ್ಜಿಗೆ." ಎಲ್ಲರೂ ನನ್ನ ಕಡೆ ನೋಡಿದರು. ನಾನು ಚಾಪೆಯ ಮೇಲೆ ಮಲಗಿದ್ದೆ.

ಕರಿಬಸಮ್ಮ, "ನಾಲ್ಕು ಜನಕ್ಕೆ ಏನೂ ಆಗಿಲ್ವಲ್ಲಪ್ಪ, ಅವ್ರೂ ನನ್ನ ಮಜ್ಜಿಗೇನೇ ಕುಡಿದವ್ರೆ" ಎಂದರು. "ಅವ್ರ ಹೊಟ್ಟೆ ಗಟ್ಟಿ ಇದ್ದಾತು" ಎಂದರು ಅಶ್ವತ್ಥಪ್ಪನವರು. ಸಂಜೆಯ ಬಸ್ಸಿಗೆ ಅವರನ್ನು ಕಂಬದೂರಿಗೆ ಕಳಿಸಿದರು. ಆರೋಗ್ಯ ಇಲಾಖೆಗೆ ತಿಳಿಸಿದರೆ ಶಿಬಿರಕ್ಕೆ ಬೀಗ ಬೀಳುತ್ತದೆ, ಆದ್ದರಿಂದ ಮಾತು ಹೊರಗೆ ಹೋಗಬಾರದು ಎಂದು ತೀರ್ಮಾನವಾಗಿದೆ.

ಒಲೆಯ ವಿಷಯವಾಗಿ ಅಪ್ಪನನ್ನು ಕೇಳಲು ನನಗೆ ಆಗಲಿಲ್ಲ, ಹಸಿ ಮೊಟ್ಟೆಯೂ ನಿಲ್ಲಲಿಲ್ಲ. ನೀವು ಏನು ಹೇಳುತ್ತೀರಿ?

ರೇಣುಕಾಪ್ರಸಾದ್

ಹಿಂದೂಪುರ
23 ನವೆಂಬರ್ 2025

ಚಿರಂಜೀವಿ ರೇಣುಕಾಪ್ರಸಾದನಿಗೆ ಆಶೀರ್ವಾದಗಳು.

ನಿನ್ನ ಪತ್ರವನ್ನು ಮತ್ತೆ ಮತ್ತೆ ಓದಿದೆ. ಓಬುಳೇಶನ ಮಂಚದ ಬಳಿ ಇರಲಾಗದ ಈ ಕಾಲಿನ ಮೇಲೆ ನನಗೆ ಬಂದ ಸಿಟ್ಟನ್ನು ಬರೆದು ಮುಗಿಸಲಾರೆ.

ಮಾತು ಹೊರಗೆ ಹೋಗಬಾರದೆಂದು ತೀರ್ಮಾನಿಸಿದ್ದಾರಂತೆ. ಹೋಗಿದೆ. ನಿನ್ನ ಪತ್ರ ಕೈಸೇರಿದ ಗಳಿಗೆಯಲ್ಲೇ ಆರೋಗ್ಯ ಇಲಾಖೆಗೆ ಫೋನ್ ಮಾಡಿ, ನನ್ನ ಹೆಸರನ್ನೂ ಊರನ್ನೂ ಬರೆಸಿದ್ದೇನೆ. ಬರುವ ಭಾನುವಾರ, ಮೂವತ್ತರಂದು, ಇನ್‌ಸ್ಪೆಕ್ಟರೊಬ್ಬರು ಬರುತ್ತಾರೆ. ಇದನ್ನು ಸಮಿತಿಯವರಿಗೂ ತಿಳಿಸಿದ್ದೇನೆ, ಕದ್ದುಮುಚ್ಚಿ ಮಾಡಿಲ್ಲ. ಶಿಬಿರಕ್ಕೆ ಬೀಗ ಬಿದ್ದರೆ ಹಿಂದೂಪುರದ ರೈಲ್ವೆ ಮೈದಾನದಲ್ಲಿ ಕೋಲೂರಿಕೊಂಡು ನಿಂತು ಓಡಿಸುತ್ತೇನೆ. ಹುಡುಗರ ಹೊಟ್ಟೆಗಿಂತ ಶಿಬಿರದ ಹೆಸರು ದೊಡ್ಡದಾದ ದಿನ ಅದು ಮುಚ್ಚಿದರೂ ನಷ್ಟವಿಲ್ಲ.

ಇನ್ನು ಕಾರಣದ ಮಾತು. ನಾನು ಮೊದಲ ಸಾಲಿಗೇ ಮೊಟ್ಟೆಯನ್ನು ಸಂಶಯಿಸಿದ್ದೆ. ಆದರೆ ನೀನು ಮಲಗಿದೆ. ಆ ಗುಂಪಿನಲ್ಲಿ ನಾನು ಕಣ್ಣು ಮುಚ್ಚಿ ನಂಬುವ ಅಳತೆಗೋಲು ನೀನೊಬ್ಬನೇ, ಮತ್ತು ನೀನು ಮೊಟ್ಟೆ ಮುಟ್ಟುವವನಲ್ಲ. ಅಂದ ಮೇಲೆ ದೋಷ ಎಲ್ಲರೂ ಉಂಡ ಅಡುಗೆಯಲ್ಲಿತ್ತೆಂದು ಒಪ್ಪದೆ ನನಗೆ ದಾರಿಯಿಲ್ಲ. ಮನಸ್ಸು ಒಲ್ಲದಿದ್ದರೂ, ಅನಂತಪುರದ ಪರೀಕ್ಷೆ ಮುಗಿಯುವ ತನಕ ಕರಿಬಸಮ್ಮನವರು ಊರಲ್ಲೇ ಇರುವುದು ಸರಿಯೆಂದು ಸಮಿತಿಗೆ ಬರೆದಿದ್ದೇನೆ. ಆ ತಾಯಿಗೆ ಬೇಸರವಾಗದಂತೆ ನೀನು ಹೇಗಾದರೂ ತಿಳಿಸು.

ಎಳನೀರು ಕುಡಿ, ಓಡಲು ಅವಸರ ಮಾಡಬೇಡ.

ನಿನ್ನ ಶಂಕರಯ್ಯ

ಕಲ್ಯಾಣದುರ್ಗ
26 ನವೆಂಬರ್ 2025

ಪೂಜ್ಯ ಮೇಷ್ಟ್ರಿಗೆ ನಮಸ್ಕಾರಗಳು.

ನೀವು ಹೇಳಿದಿರೆಂದು ನಿನ್ನೆ ಕಂಬದೂರಿಗೆ ಹೋಗಿದ್ದೆ. ಕರಿಬಸಮ್ಮ ಮನೆಯ ಮುಂದೆ ಕುಳಿತು ಹುರುಳಿ ಕೇರುತ್ತಿದ್ದರು. ನನ್ನನ್ನು ನೋಡಿ ಮೊರ ನಿಲ್ಲಿಸಲಿಲ್ಲ.

"ಎದ್ದು ಓಡಾಡ್ತಿದ್ದೀಯಲ್ಲ, ಒಳ್ಳೇದಾಯ್ತು. ಓಬುಳೇಶ ಹೆಂಗವ್ನೆ?"

"ನಾಳೆ ಮನೆಗೆ ಕಳಿಸ್ತಾರಂತೆ."

"ಅವ್ನು ಬದುಕ್ಲಿ. ನಾನು ಸತ್ತೆ ಅಂತ ತಿಳ್ಕೊ. ಇಲ್ಲಿನ ಸ್ಕೂಲಲ್ಲಿ ಅಡುಗೆಗೆ ಬಾ ಅಂದಿದ್ರು, ಜನವರಿಯಿಂದ. ನಿನ್ನೆ ಆ ಸ್ಕೂಲ್ ಮೇಷ್ಟ್ರು ಬಂದು, ಬ್ಯಾಡ ಕಣಮ್ಮ ಮಕ್ಳ ವಿಚಾರ ಅಂದ್ಬುಟ್ಟ. ಮಿಲ್ಟ್ರಿ ಹುಡುಗರ್ಗೆ ವಿಸ ಹಾಕ್ದೋಳಂತೆ ನಾನು. ನಲ್ಲೀಲಿ ನೀರು ಹಿಡಿಯಕ್ಕೆ ಹೋದ್ರೆ ನನ್ನ ಬಿಂದಿಗೆ ಕಂಡು ದೂರ ಸರೀತಾರೆ."

ನಿಮ್ಮ ಮಾತನ್ನು ಹೇಳಿದೆ. ಮೇಷ್ಟ್ರೂ ಸದ್ಯಕ್ಕೆ ಊರಲ್ಲೇ ಇರಿ ಅಂದರು ಎಂದೆ. ಆಗ ಅವರು ಮೊರ ಕೆಳಗಿಟ್ಟರು.

"ನಿಮ್ಮ ಮೇಷ್ಟ್ರಿಗೆ ಏನು ಬರ್ದಿದ್ದೀಯ?"

ನಾನು ಬಗ್ಗಿ ಮೊರದಲ್ಲಿದ್ದ ಕಲ್ಲು ಆರಿಸತೊಡಗಿದೆ.

"ನಿನ್ನ ಲೋಟ ಅಡುಗೆಮನೆ ಲೋಟ ಕಣಪ್ಪ. ಮೊಟ್ಟೆ ಕುಡಿಯೋರ್ದೆಲ್ಲ ಜಗಲೀಲಿ ಇರ್ತದೆ, ನಿಂದು ಮಾತ್ರ ನನ್ನ ಹತ್ರ ಬತ್ತದೆ. ಮೊದಲ್ನೇ ದಿನಾನೇ ಮೂಗಿಗೆ ಹೊಡೀತು. ಯಾರ್ಗೂ ಕಾಣ್ದಂಗೆ ಆಚೆ ತಗಂಡು ಹೋಗಿ ಹುಣಿಸೆಹಣ್ಣು, ಬೂದಿ ಹಾಕಿ ಉಜ್ಜಿ ಇಡ್ತಿದ್ದೆ. ನಿಮ್ಮಪ್ಪ ದಿನಾ ಬಂದು ಆ ಲೋಟದಲ್ಲೇ ನೀರು ಕುಡಿಯೋರು."

"ಮತ್ತೆ ಸಮಿತೀಲಿ ಯಾಕೆ ಹೇಳ್ಲಿಲ್ಲ ಅಮ್ಮಾ?"

"ಅಪ್ಪ ಮಗನ ಮಧ್ಯದ ಮಾತು ಅದು, ನಾನ್ಯಾಕೆ ಹೇಳ್ಲಿ? ಹೇಳ್ಬೇಕಾದೋನು ಚಾಪೆ ಮೇಲೆ ಕಣ್ಣು ಬಿಟ್ಕಂಡು ಮಲಗಿದ್ನಲ್ಲ. ಹೇಳ್ತಾನೆ ಅಂತ ಬಸ್ಸು ಬರೋಗಂಟ ಕಾದೆ."

ಮೇಷ್ಟ್ರೇ, ಶೇಂಗಾ ತಿಂದು ನನ್ನ ತೂಕ ಏರಲಿಲ್ಲ. ಶಿಬಿರ ಶುರುವಾದ ದಿನದಿಂದ ನಾನು ಮೊಟ್ಟೆ ಕುಡಿಯುತ್ತಿದ್ದೆ. ಎಲ್ಲರೂ ಮೈದಾನಕ್ಕೆ ಹೊರಟ ಮೇಲೆ ಓಬುಳೇಶ್ ನನ್ನ ಲೋಟಕ್ಕೂ ಒಂದು ಒಡೆದು ಹಾಲು ಹೊಯ್ದು ಇಟ್ಟಿರುತ್ತಿದ್ದ. ಆ ಭಾನುವಾರ ಅವನೂ ನಾನೂ ಎರಡೆರಡು ಕುಡಿದೆವು. ತೂಕ ಸಾಲದೆ ವಾಪಸು ಬಂದರೆ ಜೀವನಪರ್ಯಂತ ಅಂಗಡಿಯಲ್ಲಿ ಶೇಂಗಾ ತೂಗಬೇಕಾಗುತ್ತದೆ ಎಂಬ ಭಯವಿತ್ತು.

ಭಾನುವಾರ ಇನ್‌ಸ್ಪೆಕ್ಟರ್ ಎದುರಿಗೆ, ಸಮಿತಿಯ ಎದುರಿಗೆ ಇದನ್ನು ಹೇಳುತ್ತೇನೆ. ಅಪ್ಪ ಗೋದಾಮು ಕಿತ್ತುಕೊಳ್ಳಬಹುದು, ಅಶ್ವತ್ಥಪ್ಪನವರು ಶಿಬಿರವನ್ನೇ ಎತ್ತಿಸಬಹುದು. ದಯವಿಟ್ಟು ತಡೆಯಬೇಡಿ. ನೀವು ತಡೆದರೂ ಹೇಳುವವನೇ.

ರೇಣುಕಾಪ್ರಸಾದ್

ಹಿಂದೂಪುರ
28 ನವೆಂಬರ್ 2025

ಪ್ರಿಯ ರೇಣುಕಾ,

ತಡೆಯುವುದೆ? ನಿನ್ನ ಕೊನೆಯ ಸಾಲನ್ನು ಓದಿ ನಾನು ಮಂಚದಿಂದ ಇಳಿದು, ಊರುಗೋಲಿಲ್ಲದೆ ಬಾಗಿಲ ತನಕ ನಡೆದೆ. ಡಾಕ್ಟರರು ಇನ್ನೂ ಅನುಮತಿ ಕೊಟ್ಟಿರಲಿಲ್ಲ.

ಸಮಿತಿಗೆ ಬರೆದಿದ್ದ ಮಾತನ್ನು ಈ ದಿನವೇ ಹಿಂದಕ್ಕೆ ಪಡೆದಿದ್ದೇನೆ. ಕಾರಣ ಬರೆದಿಲ್ಲ, ಅದನ್ನು ಹೇಳುವ ಹಕ್ಕು ನಿನ್ನದು. ಕರಿಬಸಮ್ಮನವರಿಗೆ ಬೇರೆಯಾಗಿ ಬರೆದಿದ್ದೇನೆ. ಅವರು ಓದಿಸಿಕೊಂಡು ಕೇಳಲಿ, ಬೈಯಲಿ.

ಮೊಟ್ಟೆ ತಿನ್ನುವುದು ಬಿಡುವುದು ನಿನ್ನ ನಾಲಿಗೆಗೂ ನಿನ್ನ ಮನಸ್ಸಿಗೂ ಬಿಟ್ಟದ್ದು. ಅದರಲ್ಲಿ ನಾನು ತೀರ್ಪು ಕೊಡಲಾರೆ. ನೀನು ಕುಡಿದದ್ದರಿಂದ ಯಾರಿಗೂ ಕೇಡಾಗಲಿಲ್ಲ. ನೀನು ಮಲಗಿದ ಚಾಪೆಯನ್ನು ಸಾಕ್ಷಿಯಾಗಿ ಎಳೆದು ತಂದಾಗ ಸುಮ್ಮನಿದ್ದೆಯಲ್ಲ, ಅದರಿಂದ ಒಬ್ಬ ಹೆಂಗಸಿನ ಬಿಂದಿಗೆಯನ್ನು ಕಂಡು ಊರು ದೂರ ಸರಿಯಿತು. ಅದನ್ನು ಸರಿಪಡಿಸುವ ಶಕ್ತಿಯೂ ನಿನ್ನೊಬ್ಬನಲ್ಲೇ ಇದೆ ಎಂಬುದು ನನಗೆ ಕಾಣುವ ಭಾಗ್ಯ.

ಒಂದನ್ನು ಮಾತ್ರ ಕೇಳಿಕೊಳ್ಳುತ್ತೇನೆ. ನಿಮ್ಮ ತಂದೆಯವರು ಇದನ್ನು ಮೊದಲ ಸಲ ಸಭೆಯಲ್ಲಿ ಕೇಳುವಂತಾಗಬಾರದು. ಹಿಂದಿನ ದಿನ ಅವರೊಬ್ಬರೇ ಇರುವಾಗ ಹೇಳು. ಅವರ ಒಪ್ಪಿಗೆಗಾಗಿ ಅಲ್ಲ, ಅವರ ಮರ್ಯಾದೆಗಾಗಿ.

ನಿನ್ನ ಶಂಕರಯ್ಯ

ಕಲ್ಯಾಣದುರ್ಗ
2 ಡಿಸೆಂಬರ್ 2025

ಪೂಜ್ಯ ಮೇಷ್ಟ್ರಿಗೆ ನಮಸ್ಕಾರಗಳು.

ಶನಿವಾರ ಸಂಜೆ ಅಂಗಡಿಯಲ್ಲಿ ಗಿರಾಕಿಗಳಿಲ್ಲದಾಗ ಅಪ್ಪನಿಗೆ ಹೇಳಿದೆ. ಅವರು ಚೀಲದ ಬಾಯಿ ಹೊಲಿಯುತ್ತಿದ್ದರು. ದಬ್ಬಳ ಅರ್ಧಕ್ಕೆ ನಿಂತಿತು. "ನಾನು ಶೇಂಗಾ ಶೇಂಗಾ ಅಂತ ಊರಿಗೆಲ್ಲಾ ಹೇಳ್ಕಂಡು ಬಂದ್ನಲ್ಲೋ" ಎಂದರು. ಅಷ್ಟೇ. ಆಮೇಲೆ ಚೀಲ ಹೊಲಿದು ಮುಗಿಸಿದರು. ಮನೆಗೆ ಹೋಗುವಾಗ ನನಗೆ ಕಾಯಲಿಲ್ಲ.

ಭಾನುವಾರ ಇನ್‌ಸ್ಪೆಕ್ಟರ್ ಮೇಡಂ ಬಂದರು. ಯಾರು ಏನು ಉಂಡಿರಿ ಎಂದು ಒಬ್ಬೊಬ್ಬರನ್ನೇ ತೆಲುಗಿನಲ್ಲಿ ಕೇಳಿ ಬರೆದುಕೊಳ್ಳುತ್ತಿದ್ದರು. ನನ್ನ ಸರದಿ ಬಂದಾಗ ಅಶ್ವತ್ಥಪ್ಪನವರು ನನಗಿಂತ ಮೊದಲೇ ಉತ್ತರ ಕೊಟ್ಟರು. "ಇವ್ನು ಶಿವಭಕ್ತರ ಮನೆಯೋನು ಮೇಡಂ, ಮೊಟ್ಟೆ ವಾಸ್ನೇನೂ ಸೇರಲ್ಲ. ಇವ್ನೇ ಮಲಗ್ದ. ಇನ್ನೇನು ಸಾಕ್ಷಿ ಬೇಕು?"

ನಾನು ಎದ್ದು ನಿಂತೆ. "ನಾನು ದಿನಾ ಮೊಟ್ಟೆ ಕುಡೀತಿದ್ದೆ ಮೇಡಂ. ಆವತ್ತು ಎರಡು ಕುಡಿದೆ. ಹಸೀದು. ಬರ್ಕೊಳ್ಳಿ."

ಅಶ್ವತ್ಥಪ್ಪನವರ ಮುಖ ಕೆಂಪಾಯಿತು. "ಎವರು ನೇರ್ಪಿನಾರುರಾ ನೀಕು? ಯಾರೋ ಹೇಳ್ಕೊಟ್ಟವ್ರೆ ಇವನ್ಗೆ. ಅಪ್ಪನ ಮುಂದೆ ನಿಂತು ಹಿಂಗೆ ಹೇಳೋಕೆ ನಾಚ್ಕೆ ಆಗಲ್ವೇನೋ?"

"ಅಪ್ಪಂಗೆ ನಿನ್ನೇನೇ ಹೇಳಿದೀನಿ" ಎಂದೆ.

"ಹಂಗಾದ್ರೆ ನಾಳೆಯಿಂದ ನನ್ನ ಫಾರಂ ಮೊಟ್ಟೆ ಬರಲ್ಲ. ಅದೆಂಗೆ ಮಿಲ್ಟ್ರಿಗೆ ಹೋಯ್ತೀರೋ ನೋಡ್ತೀನಿ."

ಗೋಡೆಗೆ ಒರಗಿ ಕುಳಿತಿದ್ದ ಓಬುಳೇಶ್, ಅರ್ಧದಷ್ಟು ಬಡವಾಗಿದ್ದಾನೆ ಪಾಪ, ಮೆಲ್ಲಗೆ "ಒಳ್ಳೇದಾಯ್ತು ಬಿಡಣ್ಣಾ. ಬಂದ್ರೆ ತಾನೇ ಕಕ್ಕಸಿಗೆ ಹೋಗೋದು" ಎಂದ. ಎರಡು ವಾರದಿಂದ ನಗದಿದ್ದ ಹುಡುಗರೆಲ್ಲ ನಕ್ಕರು. ಮೇಡಂ ಪೆನ್ನು ಬಾಯಿಗೆ ಅಡ್ಡ ಹಿಡಿದುಕೊಂಡರು.

ಆಮೇಲೆ ಅವರು ಬರೆದುಕೊಂಡದ್ದನ್ನು ಸಭೆಗೆ ವಿವರಿಸಿದರು. ಮಲಗಿದವರೆಲ್ಲರೂ ಆ ಬೆಳಿಗ್ಗೆ ಹಸಿ ಮೊಟ್ಟೆ ಕುಡಿದವರು. ಮೊಟ್ಟೆ ಮುಟ್ಟದ ನಾಲ್ವರು ಅದೇ ಮುದ್ದೆ, ಅದೇ ಸಾರು, ಅದೇ ಮಜ್ಜಿಗೆ ಉಂಡೂ ಆರಾಮಾಗಿದ್ದರು. ನಾನೊಬ್ಬ ಅಡ್ಡ ನಿಂತಿದ್ದೆ, ಸರಿದ ಮೇಲೆ ಎಲ್ಲ ನೆಟ್ಟಗಾಯಿತು. ಜಗಲಿಯಲ್ಲಿ ಉಳಿದಿದ್ದ ಸೀಳು ಮೊಟ್ಟೆಗಳನ್ನು ಪರೀಕ್ಷೆಗೆ ತೆಗೆದುಕೊಂಡು ಹೋದರು. ಶಿಬಿರಕ್ಕೆ ಬೀಗ ಹಾಕಲಿಲ್ಲ. "ಕೈ ತೊಳೆಯಲು ಸೋಪು ಇಡಿ, ಹಸಿ ಮೊಟ್ಟೆ ನಿಲ್ಲಿಸಿ" ಎಂದು ಬರೆದುಕೊಟ್ಟರು. ಅದಕ್ಕೆ ಹೆದರಿ ಇಷ್ಟು ದಿನ ಬಾಯಿ ಮುಚ್ಚಿದ್ದೆವು.

ಕೊನೆಯಲ್ಲಿ ಅಪ್ಪ ಎದ್ದರು. ನನ್ನ ಕಡೆ ನೋಡಲಿಲ್ಲ. "ಗೋದಾಮು ನಂದು. ಒಲೆ ಮೇಲೆ ಮೊಟ್ಟೆ ಏರ್ಬಾರ್ದು ಅಂದೋನೂ ನಾನೇ. ಆ ಮಾತು ಈಗ್ಲೂ ಅಷ್ಟೆ. ಆದ್ರೆ ನನ್ನ ಮಾತು ಹಿಂಗೋಡೆಗಂಟ. ಗೋಡೆ ಆಚೆ ನೀವು ಏನು ಬೇಯಿಸ್ಕಂತೀರೋ ನಾನು ನೋಡಕ್ಕೆ ಬರಲ್ಲ. ಅಲ್ಲಿ ಹಳೇ ಇಟ್ಟಿಗೆ ಬಿದ್ದವೆ" ಎಂದರು.

ಸೋಮವಾರ ಅಂಗಡಿ ತೆರೆಯದೆ ಅವರೇ ಕಂಬದೂರಿನ ಬಸ್ಸು ಹತ್ತಿದರು. ಅಲ್ಲಿ ಏನು ಮಾತಾಯಿತೋ ನನಗೆ ಹೇಳಲಿಲ್ಲ. ಕರಿಬಸಮ್ಮ ಬರಲು ಒಪ್ಪಿದ್ದಾರೆ, ಒಂದು ಷರತ್ತಿನ ಮೇಲೆ. "ನನ್ನ ಹೆಸರ್ನ ಮೊದಲ್ನೇ ದಿನ ಗಟ್ಟಿಯಾಗಿ ಓದಿದ್ರಲ್ಲ. ನನ್ನ ಮಜ್ಜಿಗೇಲಿ ಏನೂ ಇರ್ಲಿಲ್ಲ ಅಂತಾನೂ ಅಂಗೇ ಓದ್ಬೇಕು. ಅದೂ ನಿಮ್ಮ ಮಿಲ್ಟ್ರಿ ಮೇಷ್ಟ್ರು ಬರ್ದು ಕೊಟ್ಟಿದ್ದೇ ಆಗ್ಬೇಕು. ಅವ್ರೂ ನನ್ನ ಮನೇಲಿರು ಅಂದೋರೇ" ಎಂದು ಹೇಳಿ ಕಳಿಸಿದ್ದಾರೆ.

ಊಟಕ್ಕೆ ಕುಳಿತಾಗ ಅಪ್ಪ, "ಈಗ ತೂಕ ಎಷ್ಟೈತೆ?" ಎಂದು ಕೇಳಿದರು. ಮಲಗಿ ಎದ್ದದ್ದರಲ್ಲಿ ಏರಿದ್ದೆಲ್ಲ ಇಳಿದುಹೋಯಿತು ಎಂದೆ. "ಹೂಂ" ಎಂದು ನನ್ನ ತಟ್ಟೆಗೆ ತುಪ್ಪ ಬಡಿಸಿದರು.

ಪತ್ರಕ್ಕಾಗಿ ಕಾಯುತ್ತಿದ್ದೇವೆ.

ರೇಣುಕಾಪ್ರಸಾದ್

ಹಿಂದೂಪುರ
5 ಡಿಸೆಂಬರ್ 2025

(ಸಭೆಯಲ್ಲಿ ಎಲ್ಲರೂ ನಿಂತಿರುವಾಗ ಓದತಕ್ಕದ್ದು. ಕರಿಬಸಮ್ಮನವರು ಬಂದು ಕುಳಿತ ಮೇಲೆ ಆರಂಭಿಸುವುದು.)

ಕೂಡಿರುವ ಹಿರಿಯರಿಗೂ ನನ್ನ ಮಕ್ಕಳಿಗೂ ಶಂಕರಯ್ಯನ ನಮಸ್ಕಾರ.

ಕರಿಬಸಮ್ಮನವರ ಮಜ್ಜಿಗೆಯಲ್ಲಿ ಯಾವ ದೋಷವೂ ಇರಲಿಲ್ಲ. ರೇಣುಕಾ, ಈ ಸಾಲನ್ನು ಇನ್ನೊಮ್ಮೆ ಓದು, ರಸ್ತೆಯಲ್ಲಿ ಹೋಗುವವರಿಗೂ ಕೇಳಲಿ. ಕರಿಬಸಮ್ಮನವರ ಮಜ್ಜಿಗೆಯಲ್ಲಿ ಯಾವ ದೋಷವೂ ಇರಲಿಲ್ಲ. ಇದ್ದಿರಬಹುದೆಂದು ಬರೆದವರಲ್ಲಿ ನಾನೂ ಒಬ್ಬ; ಅದು ತಪ್ಪು. ಇದೇ ಮಾತನ್ನು ಕಂಬದೂರಿನ ಶಾಲೆಯ ಮೇಷ್ಟ್ರಿಗೂ ಸಹಿ ಹಾಕಿ ಕಳಿಸಿದ್ದೇನೆ. ಜನವರಿಯಲ್ಲಿ ಅವರನ್ನು ಅಲ್ಲಿಗೆ ಬಿಟ್ಟುಕೊಡಬೇಕಾಗಬಹುದು. ಅಲ್ಲಿಯ ತನಕ ಉಂಡುಕೊಳ್ಳಿ.

ಕೊಟ್ಟೂರಪ್ಪನವರಿಗೆ ನನ್ನ ಕೃತಜ್ಞತೆ. ತಮ್ಮ ನಂಬಿಕೆಯನ್ನು ಒಂದಿಂಚೂ ಬಿಡದೆ, ಅದು ಎಲ್ಲಿಗೆ ನಿಲ್ಲುತ್ತದೆಂಬುದನ್ನು ತಾವೇ ಗೋಡೆ ತೋರಿಸಿ ಹೇಳಿದವರು ಅವರು. ಅಶ್ವತ್ಥಪ್ಪನವರಿಗೂ ಕೃತಜ್ಞತೆ, ಇಷ್ಟು ದಿನ ಕೊಟ್ಟದ್ದಕ್ಕೆ. ಅವರು ಈ ಸಭೆಗೆ ಬಂದಿಲ್ಲವಾದರೆ ಯಾರಾದರೂ ಹೋಗಿ ತಿಳಿಸಿ: ಮೊಟ್ಟೆಯ ಪರೀಕ್ಷೆಯ ಫಲಿತಾಂಶ ಬಂದು, ಫಾರಂ ಶುಚಿಯಾಗಿ, ಸೀಳಿಲ್ಲದ ಮೊಟ್ಟೆ ಕಳಿಸುವುದಾದರೆ ನಮ್ಮ ಬಾಗಿಲು ತೆರೆದಿದೆ. ಕಳಿಸದಿದ್ದರೆ ಹುರುಳಿ ಇದೆ, ಶೇಂಗಾ ಇದೆ, ತಿನ್ನುವವರಿಗೆ ಅಂಗಡಿಯಲ್ಲಿ ಕೊಳ್ಳುವ ಮೊಟ್ಟೆ ಇದೆ. ಫಾರಂನ ಕಸಕ್ಕೆ ಹೋಗಬೇಕಾದದ್ದು ನಮ್ಮ ಹುಡುಗರ ಹೊಟ್ಟೆಗೆ ಹೋಗುವುದಿಲ್ಲ. ದಾನವೆಂದರೂ ಹೋಗುವುದಿಲ್ಲ.

ಮಕ್ಕಳೇ, ಅನಂತಪುರದ ದಿನಕ್ಕೆ ನಿಮ್ಮಲ್ಲಿ ಕೆಲವರ ಕಾಲಿಗೆ ಬಲ ಬಂದಿರುವುದಿಲ್ಲ. ಆದರೂ ಹೋಗಿ ನಿಲ್ಲಿ. ತೂಕ ಸಾಲದೆಂದು ಕಳಿಸಿದರೆ ಹಿಂತಿರುಗಿ ಬನ್ನಿ, ಮತ್ತೆ ಓಡೋಣ. ರೇಣುಕಾಪ್ರಸಾದನು ಅಂಗಡಿಯಲ್ಲಿ ಶೇಂಗಾ ತೂಗಲು ಹೆದರುತ್ತಾನಂತೆ. ಎಲ್ಲರೂ ಒಂದೇ ಕಡೆ ನೋಡುತ್ತಿದ್ದಾಗ ಎದ್ದು ನಿಂತು "ಬರ್ಕೊಳ್ಳಿ" ಎಂದವನಿಗೆ ಯಾವ ತಕ್ಕಡಿಯ ಹೆದರಿಕೆ? ಇದನ್ನು ಅವನು ಓದಲು ನಾಚಿಕೊಂಡು ಬಿಟ್ಟುಬಿಡುತ್ತಾನೆ. ಓಬುಳೇಶ್, ನೀನು ಕಿತ್ತುಕೊಂಡು ಓದು.

ಮುಂದಿನ ವಾರ ನಾನು ಕದಿರಣ್ಣನ ಬಸ್ಸಿನಲ್ಲಿ ಮುಂದಿನ ಸೀಟು ಹಿಡಿದು ಬರುತ್ತೇನೆ. ಬರುವಷ್ಟರಲ್ಲಿ ಗೋಡೆಯ ಆಚೆ ಹೊಗೆ ಕಾಣಬೇಕು.

ಕಾಗದ ಮಡಚಿಡು, ರೇಣುಕಾ. ಉಳಿದವರು ಹಿಂದಕ್ಕೆ ನಡೆಯಿರಿ. ಇಟ್ಟಿಗೆ ಹೊರಿ, ಗಾಳಿಗೆ ಮರೆ ನೋಡಿ ಒಲೆ ಹೂಡಿ, ದೊಡ್ಡ ಪಾತ್ರೆಯ ತುಂಬ ನೀರಿಡಿ. ಅದು ಕುದಿ ಬರುವಷ್ಟರಲ್ಲಿ ಮೈದಾನಕ್ಕೆ ಒಂದು ಸುತ್ತು ಹಾಕಿ ಬನ್ನಿ.